ಗಾಡಿ ಎಷ್ಟು ಓಡಿತ್ತು? ವೈರ್‌ಲೆಸ್ ಜಿಪಿಎಸ್ ಇಟ್ಟು ನಾವು ಮಾಡಿದ ಒಂದು ಮೊಬೈಲ್ ಆ್ಯಪ್

ಕಳೆದ ಚಳಿಗಾಲದ ಒಂದು ರಾತ್ರಿ. ಊಟ ಮುಗಿಸಿ ತಟ್ಟೆ ತೊಳೀತಾ ಇದ್ದೆವು. ಪಕ್ಕದ ರೂಮಿನ ಡ್ರೈವರಣ್ಣ ಸಂಬಳದ ಚೀಟಿ ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಂತರು. ವಿಜಯಪುರ ಕಡೆಯವರು, ದುಬೈನ ದೇರಾದಲ್ಲಿ ಒಂದು ಟ್ರೇಡಿಂಗ್ ಕಂಪನಿಯ ಪಿಕಪ್ ಓಡಿಸ್ತಾರೆ. ಚೀಟಿಯಲ್ಲಿ "ಗಾಡಿಯ ಸ್ವಂತ ಬಳಕೆ" ಅಂತ 290 ದಿರಹಂ ಕಡಿತ ಆಗಿತ್ತು. ಹೀಗೆ ಕಡಿತ ಆಗ್ತಿರೋದು ಇದು ಮೂರನೇ ತಿಂಗಳು.

"ಅಣ್ಣಾರ, ನಾ ಎಲ್ಲೂ ತಿರಗ್ಯಾಡಾಕ ಹೋಗಿಲ್ರೀ. ಮುಂಜಾನಿ ಗೋದಾಮು, ಸಂಜೀಕ ರೂಮು, ಅಷ್ಟ. ಆ ಮೀಟರಿಗೆ ಏನ ಆಗೇತೋ ನನಗ ಗೊತ್ತಿಲ್ಲ. ನೀವು ಲೆಕ್ಕದಾವ್ರು, ಒಂದೀಟ ನೋಡ್ರಲಾ" ಅಂದರು.

ನಾವು ಅಂದ್ರೆ ಒಂದೇ ರೂಮಿನ ಇಬ್ಬರು. ಬಿ.ಕಾಂ. ಮುಗಿಸಿ ಇಪ್ಪತ್ತು ವರ್ಷದಿಂದ ಲೆಕ್ಕಪತ್ರ ಬರೆಯೋದೇ ಒಬ್ಬರ ಕೆಲಸ, ಈ ಲೇಖನ ಅವರ ಕೈಯದು. ಇನ್ನೊಬ್ಬ ಹಾಸನ ಕಡೆಯ ಎ.ಸಿ. ಮೆಕ್ಯಾನಿಕ್ ಹುಡುಗ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಜಾತಿ. ಇಬ್ಬರಿಗೂ ಸಾಫ್ಟ್‌ವೇರ್ ಓದಿಲ್ಲ. ಆದರೂ ಆ ಚೀಟಿಯ ದೆಸೆಯಿಂದ ನಾವು ಒಂದು ಆ್ಯಪ್ ಮಾಡಬೇಕಾಗಿ ಬಂತು. ನಮ್ಮ ಹಾಗೇ ಓಡಾಟದ ಲೆಕ್ಕದ ತಕರಾರಿನಲ್ಲಿ ಸಿಕ್ಕಿದವರಿಗೆ ಉಪಯೋಗ ಆದೀತು ಅಂತ ಇಲ್ಲಿ ಬರೀತಾ ಇದ್ದೇವೆ.

ತಕರಾರು ಏನು?

ಕಂಪನಿಯವರ ಲೆಕ್ಕ ಸರಳ. ತಿಂಗಳ ಡೆಲಿವರಿ ವಿಳಾಸಗಳನ್ನೆಲ್ಲ ಮ್ಯಾಪಿನಲ್ಲಿ ಹಾಕಿ ದೂರ ಕೂಡಿಸ್ತಾರೆ. ಆ ತಿಂಗಳು ಬಂದದ್ದು 3,950 ಕಿ.ಮೀ. ಗಾಡಿಯ ಮೀಟರ್ ತೋರಿಸಿದ್ದು 4,240. ವ್ಯತ್ಯಾಸ 290. ಅದು ಡ್ರೈವರ್ ಸ್ವಂತಕ್ಕೆ ಓಡಿಸಿದ್ದು, ಕಿಲೋಮೀಟರಿಗೆ 1 ದಿರಹಂನಂತೆ ಕಡಿತ. ಊರಿಗೆ ಕಳಿಸುವ ದುಡ್ಡಿನಲ್ಲಿ 290 ದಿರಹಂ ಅಂದ್ರೆ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ದುಡ್ಡಿಗಿಂತ ಹೆಚ್ಚಾಗಿ ಡ್ರೈವರಣ್ಣನನ್ನು ಕೊರೆಯುತ್ತಿದ್ದದ್ದು ಆ ಮಾತು: ಸ್ವಂತ ಬಳಕೆ. ಕಳ್ಳತನಕ್ಕೆ ಆಫೀಸಿನ ಭಾಷೆಯಲ್ಲಿ ಇಟ್ಟ ಹೆಸರು ಅದು.

ಎರಡು ಪುಸ್ತಕ ತಾಳೆ ಆಗದಿದ್ದರೆ ಮೂರನೆಯ, ಸ್ವತಂತ್ರವಾದ ದಾಖಲೆ ಬೇಕು. ಕ್ಯಾಶ್ ಬುಕ್ಕಿಗೂ ಗಲ್ಲಾಪೆಟ್ಟಿಗೆಗೂ ಹೊಂದಿಕೆ ಆಗದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸ್ತೇವಲ್ಲ, ಹಾಗೆ. ಗಾಡಿ ನಿಜವಾಗಿ ಎಲ್ಲೆಲ್ಲಿ ಹೋಯ್ತು ಅನ್ನೋದಕ್ಕೆ ಅಂಥ ದಾಖಲೆ ಜಿಪಿಎಸ್‌ನಿಂದ ಸಿಗುತ್ತೆ. ಮುಂದಿನ ಒಂದು ತಿಂಗಳು ಬರೆದಿಡೋಣ ಅಂತ ತೀರ್ಮಾನ ಆಯ್ತು. ಕದ್ದು ಮುಚ್ಚಿ ಬೇಡ ಅಂತ ಸೂಪರ್‌ವೈಸರಿಗೆ ಮೊದಲೇ ಹೇಳಿಸಿದೆವು. "ಬರ್ಕೋ, ನಮಗೇನು" ಅಂದರಂತೆ.

ಫೋನಿನಲ್ಲೇ ಜಿಪಿಎಸ್ ಇದೆಯಲ್ಲ?

ಇದೆ. ಆದರೆ ಡ್ರೈವರಣ್ಣನ ಫೋನ್ ಹಳೆಯದು, ದಿನವಿಡೀ ಅವರ ಜೇಬಿನಲ್ಲೋ ಸೀಟಿನ ಸಂದಿಯಲ್ಲೋ ಇರ್ತದೆ. ಅಲ್ಲಿ ಆಕಾಶ ಸರಿಯಾಗಿ ಕಾಣದು. ಡ್ಯಾಷ್‌ಬೋರ್ಡಿನ ಮೇಲೆ ಇಟ್ಟರೆ ಬಿಸಿಲಿಗೆ ಕಾದು ಫೋನ್ ತಾನೇ ಆಫ್ ಆಗುತ್ತೆ. ಇನ್ನೊಂದು ಕಾರಣವೂ ಇತ್ತು. ಫೋನ್ ಹೇಳುವ "ನೀವು ಇಲ್ಲಿದ್ದೀರಿ" ಅನ್ನೋ ಉತ್ತರ ಬರೀ ಉಪಗ್ರಹದ್ದಲ್ಲ. ವೈ-ಫೈ, ಮೊಬೈಲ್ ಟವರ್ ಎಲ್ಲವನ್ನೂ ಸೇರಿಸಿ ಮಾಡಿದ ಅಂದಾಜು. ನಮಗೆ ಕಲಸಿದ್ದು ಬೇಡ, ಮೂಲ ರಸೀದಿ ಬೇಕಾಗಿತ್ತು.

ಅದಕ್ಕೆ ವೈರ್‌ಲೆಸ್ ಜಿಪಿಎಸ್ ರಿಸೀವರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೆ ಬ್ಯಾಟರಿ. ಗಾಜಿನ ಹತ್ತಿರ ಇಟ್ಟರೆ ತನ್ನ ಜಾಗ ಎಲ್ಲಿ ಅಂತ ಲೆಕ್ಕ ಹಾಕಿ ಬ್ಲೂಟೂತ್ ಮೂಲಕ ಸೆಕೆಂಡಿಗೊಮ್ಮೆ ಫೋನಿಗೆ ಕಳಿಸುತ್ತೆ. ಬ್ಲೂಟೂತ್ ಸುಮಾರು 10 ಮೀಟರ್ ಹೋಗೋದರಿಂದ ಫೋನ್ ಜೇಬಿನಲ್ಲೇ ಇರಬಹುದು. ಉಪಯೋಗಿಸಿದ್ದೊಂದು 90 ದಿರಹಂಗೆ ಸಿಕ್ಕಿತು.

ಡಬ್ಬಿ ಕೆಲಸ ಮಾಡೋದು ಹೇಗೆ?

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಮೇಲೆ ಸುತ್ತುತ್ತಾ ಇರ್ತವೆ. "ನಾನು ಇಂಥವನು, ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಅಂತ ಪ್ರತಿಯೊಂದೂ ಹೇಳ್ತಾ ಇರ್ತದೆ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತೆ. ಹೇಳಿದ ಸಮಯಕ್ಕೂ ಕೇಳಿಸಿದ ಸಮಯಕ್ಕೂ ಇರುವ ಅಂತರದಿಂದ ಉಪಗ್ರಹ ಎಷ್ಟು ದೂರ ಅಂತ ಡಬ್ಬಿಗೆ ಗೊತ್ತಾಗುತ್ತೆ. ಇಲ್ಲಿ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪು. ಅಗ್ಗದ ಡಬ್ಬಿಯಲ್ಲಿ ಅಷ್ಟು ಕರಾರುವಾಕ್ ಗಡಿಯಾರ ಇರೋದಿಲ್ಲ. ಹಾಗಾಗಿ ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ತನ್ನ ಗಡಿಯಾರದ ತಪ್ಪು, ಹೀಗೆ ನಾಲ್ಕು ಅಂಕಿ ಕಂಡುಹಿಡಿಯಬೇಕು. ಅದಕ್ಕೇ ಕಡಿಮೆ ಅಂದ್ರೆ ನಾಲ್ಕು ಉಪಗ್ರಹ ಕಾಣಬೇಕು.

ಇದು ಅಮೆರಿಕ ಸರ್ಕಾರದ ವ್ಯವಸ್ಥೆ. 2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಸಿಗ್ನಲ್ ಬೇಕಂತಲೇ ಕೆಡಿಸಿ ಕೊಡ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಇಂಥ ಸಣ್ಣ ಡಬ್ಬಿ ರಸ್ತೆಯ ಕೆಲಸಕ್ಕೆ ಬಂದದ್ದು. ಇವತ್ತು ಬಯಲಿನಲ್ಲಿ ಕೆಲವೇ ಮೀಟರ್ ತಪ್ಪು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರೋದರಿಂದ ತಪ್ಪು ಹೆಚ್ಚು. ಈ ಮಾತು ನೆನಪಿರಲಿ, ಮುಂದೆ ಬರುತ್ತೆ.

ಆ್ಯಪ್ ಮಾಡಿದ್ದು

ಎಂಐಟಿಯವರ ಆ್ಯಪ್ ಇನ್ವೆಂಟರ್ ಅಂತ ಉಚಿತ ಸೌಲಭ್ಯ ಇದೆ. ಕೋಡ್ ಬರೆಯೋದು ಬೇಡ, ಮಕ್ಕಳ ಆಟದ ತುಂಡುಗಳ ಹಾಗೆ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಬೇಕು. ಅದರಲ್ಲಿ ಬ್ಲೂಟೂತ್ ಕ್ಲೈಂಟ್ ಅಂತ ಒಂದು ಭಾಗ ಇದೆ. ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ರಿಸೀವರನ್ನು ಜೋಡಿಸ್ಕೊಬೇಕು. ಕೋಡ್ ಕೇಳಿದರೆ ಸಾಮಾನ್ಯವಾಗಿ 0000 ಅಥವಾ 1234. ಹೊಸ ಆಂಡ್ರಾಯ್ಡ್ ಆದರೆ "ಹತ್ತಿರದ ಸಾಧನಗಳು" ಅನ್ನೋ ಅನುಮತಿಯನ್ನೂ ಕೊಡಬೇಕು. ಐಫೋನಿನಲ್ಲಿ ಈ ದಾರಿ ನಡೆಯೋದಿಲ್ಲ.

ಜೋಡಣೆ ಆದ ಮೇಲೆ ರಿಸೀವರಿನಿಂದ ಸಾಲು ಸಾಲಾಗಿ ಅಕ್ಷರ ಬರಲು ಶುರು. ಇವಕ್ಕೆ ಎನ್ಎಂಇಎ ಸಾಲುಗಳು ಅಂತಾರೆ, ಹಡಗಿನ ಉಪಕರಣಗಳಿಗೆ ಮಾಡಿದ ಪದ್ಧತಿ. ಪ್ರತಿ ಸಾಲೂ ಡಾಲರ್ ಗುರುತಿನಿಂದ ಶುರುವಾಗಿ, ನಡುನಡುವೆ ಅಲ್ಪವಿರಾಮ ಇಟ್ಟು ಬರುತ್ತೆ. ಲೆಕ್ಕದ ಪುಸ್ತಕದ ಕಾಲಂಗಳ ಹಾಗೇ. ನಮಗೆ ಬೇಕಾದದ್ದು ಆರ್‌ಎಂಸಿ ಅಂತ ಹೆಸರಿರುವ ಸಾಲು ಒಂದೇ. ಅದರಲ್ಲಿ ಸಮಯ, ಜಾಗ, ವೇಗ, ತಾರೀಕು ಎಲ್ಲ ಇರುತ್ತೆ. ಸಮಯದ ಪಕ್ಕದ ಕಾಲಂನಲ್ಲಿ ಎ ಅಕ್ಷರ ಇದ್ದರೆ ನಂಬಬಹುದು, ವಿ ಇದ್ದರೆ ಡಬ್ಬಿಗೇ ಇನ್ನೂ ಜಾಗ ಗೊತ್ತಾಗಿಲ್ಲ ಅಂತ ಅರ್ಥ. ಸಾಲಿನ ಕೊನೆಗೆ ನಕ್ಷತ್ರದ ಗುರುತು, ಆಮೇಲೆ ಎರಡು ಅಂಕಿ. ಅದು ಪುಟದ ಮೊತ್ತ ಇದ್ದ ಹಾಗೆ. ಆ್ಯಪ್ ಸಾಲಿನ ಅಕ್ಷರಗಳಿಂದ ಅದನ್ನು ಮತ್ತೆ ಲೆಕ್ಕ ಹಾಕಿ, ಹೊಂದದಿದ್ದರೆ ಆ ಸಾಲನ್ನೇ ಬಿಡಬೇಕು.

ಸಮಯ ಬರೋದು ಯುಟಿಸಿ ಲೆಕ್ಕದಲ್ಲಿ. 08:15 ಅಂತ ಇದ್ದರೆ ಇಲ್ಲಿ ಯುಎಇಯಲ್ಲಿ ಮಧ್ಯಾಹ್ನ 12:15, ಊರಲ್ಲಿ 1:45. ವೇಗ ಬರೋದು ನಾಟ್‌ನಲ್ಲಿ, 1.852ರಿಂದ ಗುಣಿಸಬೇಕು. 27 ನಾಟ್ ಅಂದ್ರೆ ಗಂಟೆಗೆ 50 ಕಿ.ಮೀ.

ಇಷ್ಟನ್ನು ಮಾಡಿ ಒಂದು ರಜೆ ದಿನ ದೇರಾದ ನೈಫ್ ಹತ್ತಿರ ನಿಂತಿದ್ದ ಪಿಕಪ್‌ನಲ್ಲಿ ಆ್ಯಪ್ ಆನ್ ಮಾಡಿದೆವು. ಹಾಸನದ ಹುಡುಗ ಮ್ಯಾಪ್ ನೋಡಿ, "ಸಾರ್, ಗಾಡಿ ಬುರ್ಜ್ ಅಲ್ ಅರಬ್ ಹತ್ತಿರ ಸಮುದ್ರದಲ್ಲಿ ತೇಲ್ತಾ ಇದೆ!" ಅಂದ.

ತಪ್ಪು ನಮ್ಮದೇ. ಸಾಲಿನಲ್ಲಿ ಅಕ್ಷಾಂಶ 2516.2 ಅಂತ ಬರುತ್ತೆ. ನಾವು 100ರಿಂದ ಭಾಗಿಸಿ 25.162 ಅಂತ ಬರೆದಿದ್ದೆವು. ನಿಜವಾಗಿ ಅದು 25 ಡಿಗ್ರಿ, 16.2 ನಿಮಿಷ. ಗಂಟೆ-ನಿಮಿಷದ ಹಾಗೆ ಡಿಗ್ರಿಗೆ 60 ನಿಮಿಷ. 16.2ನ್ನು 60ರಿಂದ ಭಾಗಿಸಿದರೆ 0.27, ಅಂದ್ರೆ 25.27 ಡಿಗ್ರಿ. ಕಾಲಂ ಓದೋದರಲ್ಲಿ ಆದ ಈ ಒಂದು ತಪ್ಪು ಗಾಡಿಯನ್ನು ದಕ್ಷಿಣಕ್ಕೆ 12 ಕಿ.ಮೀ., ಪಶ್ಚಿಮಕ್ಕೆ ಹೆಚ್ಚುಕಡಿಮೆ ಅಷ್ಟೇ ತಳ್ಳಿತ್ತು. ಸಮುದ್ರಕ್ಕೆ ಹಾಕಿದ್ದರಿಂದ ಗೊತ್ತಾಯ್ತು. ಮರಳುಗಾಡಿನಲ್ಲಿ ಯಾವುದೋ ರಸ್ತೆ ಮೇಲೆ ಹಾಕಿದ್ದರೆ ನಂಬಿಬಿಡ್ತಿದ್ದೆವೋ ಏನೋ.

ಮೊದಲ ವಾರದ ಆಘಾತ

ಆ್ಯಪ್ ಪ್ರತಿ ಸಾಲನ್ನೂ ಫೈಲಿಗೆ ಬರೀತದೆ, ರಾತ್ರಿ ನಾವು ಎಕ್ಸೆಲ್‌ಗೆ ತೆಗೆದುಕೊಳ್ತೇವೆ. ಎರಡು ಸಾಲುಗಳ ನಡುವಿನ ದೂರಕ್ಕೆ ದೊಡ್ಡ ಸೂತ್ರ ಬೇಕಾಗಿಲ್ಲ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಉತ್ತರಕ್ಕೆ ಹೋದಷ್ಟೂ ಕಿರಿದಾಗುತ್ತೆ, ದುಬೈ ಹತ್ತಿರ ಸುಮಾರು 101. ಎರಡನ್ನೂ ಕಿಲೋಮೀಟರ್ ಮಾಡಿಕೊಂಡು, ಹೈಸ್ಕೂಲಿನ ಪೈಥಾಗರಸ್ ಹಾಕಿದರೆ ಸಾಕು. ಸಣ್ಣ ಸಣ್ಣ ತುಂಡುಗಳಿಗೆ ಇದು ಸರಿಯಾಗೇ ಬರುತ್ತೆ.

ವಾರದ ಕೊನೆಗೆ ಕೂಡಿಸಿದೆವು. ಕಂಪನಿಯ ಟ್ರಿಪ್ ಶೀಟ್: 888 ಕಿ.ಮೀ. ಗಾಡಿಯ ಮೀಟರ್: 954. ನಮ್ಮ ಆ್ಯಪ್: 951.

ಮೀಟರಿಗೂ ಆ್ಯಪಿಗೂ ತಾಳೆ. ಅಂದ್ರೆ ಕಂಪನಿ ಹೇಳಿದ್ದೇ ನಿಜ, 60ಕ್ಕೂ ಹೆಚ್ಚು ಕಿ.ಮೀ. ಡ್ರೈವರಣ್ಣ ಎಲ್ಲೋ ಓಡಿಸಿದ್ದಾರೆ. ಆ ರಾತ್ರಿ ಅವರು ಬಂದು "ಏನಾತ್ರೀ ಅಣ್ಣಾರ?" ಅಂತ ಕೇಳಿದರು. "ಇನ್ನೂ ನೋಡ್ತಾ ಇದ್ದೇವೆ" ಅಂದೆವೇ ಹೊರತು ಅವರ ಮುಖ ನೋಡಲಿಲ್ಲ. ಅವರಿಗೆ ಗೊತ್ತಾಗಿರಬೇಕು. ಮರುದಿನ ಊಟಕ್ಕೆ ಕರೆದರೂ ಬರಲಿಲ್ಲ. ಮೂರು ದಿನ ಹಾಗೇ ಕಳೀತು. ಈ ಲೇಖನದಲ್ಲಿ ನಮಗೆ ನಾಚಿಕೆ ತರುವ ಭಾಗ ಇದೇ. ಒಬ್ಬ ಮನುಷ್ಯನ ಮಾತಿಗಿಂತ ನಾವೇ ನಾಲ್ಕು ದಿನದಲ್ಲಿ ಜೋಡಿಸಿದ ಆ್ಯಪ್ ನಮಗೆ ಹೆಚ್ಚು ನಂಬಿಕೆಯದಾಗಿತ್ತು.

ಮೊತ್ತ ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ, ಎರಡು ತಪ್ಪು ಒಂದನ್ನೊಂದು ಮುಚ್ಚಿರಬಹುದು ಅಂತ ಆಡಿಟಿನಲ್ಲಿ ದಿನಾ ಹೇಳ್ತೇವೆ. ನಮ್ಮ ಲೆಕ್ಕಕ್ಕೆ ಮಾತ್ರ ಅದು ನೆನಪಾಗಲಿಲ್ಲ. ನೆನಪು ಮಾಡಿದವನು ಹಾಸನದ ಹುಡುಗ. ಗಂಟೆಗಂಟೆಯ ಕಿಲೋಮೀಟರ್ ಬಿಡಿಸಿ ನೋಡ್ತಾ, "ಸಾರ್, ಬುಧವಾರ 11ರಿಂದ 3ರವರೆಗೆ ಗಾಡಿ ಅಲ್ ಕೋಜ್ ಗೋದಾಮಲ್ಲಿ ಲೋಡಿಂಗಿಗೆ ನಿಂತಿತ್ತಲ್ಲ? ಆ್ಯಪ್ ಪ್ರಕಾರ ನಿಂತಲ್ಲೇ 6 ಕಿಲೋಮೀಟರ್ ಓಡಿದೆ" ಅಂದ.

ಆ ನಾಲ್ಕು ಗಂಟೆಯ ಚುಕ್ಕಿಗಳನ್ನು ಮ್ಯಾಪಿನ ಮೇಲೆ ಹಾಕಿದರೆ ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗಿತ್ತು. ಗಾಡಿ ನಿಂತಿದ್ದರೂ ಜಿಪಿಎಸ್ ಹೇಳುವ ಜಾಗ ಅತ್ತ ಒಂದು ಮೀಟರ್, ಇತ್ತ ಅರ್ಧ ಮೀಟರ್ ಅಲುಗಾಡ್ತಾನೇ ಇರುತ್ತೆ. ಗೋಡೆ, ತಗಡಿನ ಶೆಡ್ಡು ಹತ್ತಿರ ಇದ್ದರೆ ಇನ್ನೂ ಜಾಸ್ತಿ. ನಾವು ಸೆಕೆಂಡಿಗೊಮ್ಮೆ ಆ ಅಲುಗಾಟವನ್ನೂ ದೂರ ಅಂತ ಕೂಡಿಸ್ತಾ ಇದ್ದೆವು. ಪೈಸೆಗಳ ರೌಂಡಿಂಗ್ ತಪ್ಪು ಸಾವಿರಾರು ಸಾಲಿನಲ್ಲಿ ಸೇರಿ ದೊಡ್ಡ ಮೊತ್ತ ಆಗುವ ಹಾಗೆ.

ಆ್ಯಪ್ ತಿದ್ದಿದೆವು. ಕೊನೆಗೆ ಒಪ್ಪಿದ ಜಾಗದಿಂದ 20 ಮೀಟರ್ ದಾಟುವ ತನಕ ಹೊಸ ದೂರ ಕೂಡಿಸಬಾರದು. ವೇಗ ಗಂಟೆಗೆ 4 ಕಿ.ಮೀ.ಗಿಂತ ಕಡಿಮೆ ಇದ್ದರೂ ಕೂಡಿಸಬಾರದು. ಹಾಗಂತ ನಿಮಿಷಕ್ಕೊಂದೇ ಚುಕ್ಕಿ ತಗೊಂಡರೆ ತಿರುವುಗಳೆಲ್ಲ ನೇರ ಗೆರೆಯಾಗಿ ದೂರ ಕಡಿಮೆ ಬರುತ್ತೆ. ಸುರಂಗದ ತೊಂದರೆ ಬೇರೆ: ಖಾಡಿಯ ಕೆಳಗಿನ ಶಿಂದಗಾ ಟನಲ್ ಒಳಗೆ ಉಪಗ್ರಹ ಕಾಣೋದೇ ಇಲ್ಲ. ಅಂಥ ಕಡೆ ಸಿಗ್ನಲ್ ಬಿಟ್ಟುಹೋದ ಸಮಯವನ್ನು ಬೇರೆ ಕಾಲಂನಲ್ಲಿ ಬರೆದು, ಟನಲಿನ ದೂರವನ್ನು ಕೈಯಲ್ಲೇ ಸೇರಿಸಿದೆವು.

ಅದೇ ವಾರದ ಸಾಲುಗಳನ್ನು ಹೊಸ ನಿಯಮದಲ್ಲಿ ಕೂಡಿಸಿದಾಗ ಬಂದದ್ದು 951 ಅಲ್ಲ, 900.

ಹಾಗಾದ್ರೆ ಮೀಟರ್?

ಮುಂದಿನ ರಜೆಗೆ ಮೂವರೂ ಅಲ್ ಐನ್ ರಸ್ತೆಗೆ ಹೋದೆವು, ಕಂಪನಿಗೆ ಹೇಳಿ, ಪೆಟ್ರೋಲ್ ನಾವೇ ಹಾಕಿಸಿ. ನೇರ ರಸ್ತೆ, ಬಯಲು, ಜಿಪಿಎಸ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆ್ಯಪ್ 50 ಕಿ.ಮೀ. ಅಂದಾಗ ಮೀಟರ್ 53 ತೋರಿಸಿತು. ವಾಪಸು ಬರುವಾಗಲೂ ಅಷ್ಟೇ.

ಗಾಡಿಯ ಮೀಟರ್ ರಸ್ತೆ ಅಳೆಯೋದಿಲ್ಲ, ಚಕ್ರ ಎಷ್ಟು ಸುತ್ತಿತು ಅಂತ ಎಣಿಸುತ್ತೆ ಅಷ್ಟೇ. ಕಂಪನಿ ಹೊರಡಿಸಿದ ಅಳತೆಯ ಟೈರ್ ಇದೆ ಅಂತ ನಂಬಿ ಸುತ್ತಿನಿಂದ ದೂರ ಹೇಳುತ್ತೆ. ಉದಾಹರಣೆಗೆ 70 ಸೆಂ.ಮೀ. ಅಡ್ಡಳತೆಯ ಟೈರ್ ಒಂದು ಕಿಲೋಮೀಟರಿಗೆ ಸುಮಾರು 455 ಸುತ್ತು ತಿರುಗುತ್ತೆ. 66 ಸೆಂ.ಮೀ.ನದಾದರೆ 482 ಸುತ್ತು. ಮೀಟರ್ ಆಗ ಹತ್ತಿರ ಹತ್ತಿರ ನೂರಕ್ಕೆ 6 ಹೆಚ್ಚು ತೋರಿಸುತ್ತೆ. ಹುಡುಗ ಡ್ರೈವರ್ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದ ಟೈರ್ ಅಳತೆ ಓದಿದ, ಬಗ್ಗಿ ಟೈರಿನ ಪಕ್ಕದ ಅಂಕಿ ಓದಿದ. ಬೇರೆ ಬೇರೆ. ಡ್ರೈವರಣ್ಣ ಹಣೆ ಚಚ್ಚಿಕೊಂಡರು: "ಹೌದ್ರೀ! ನಾಕ ತಿಂಗಳ ಹಿಂದ ಕಂಪನಿಯಾಗ ಟೈರ್ ಬದಲಿ ಮಾಡಿಸಿದ್ರು!"

ಕಡಿತ ಶುರುವಾದದ್ದು ಅದರ ಮುಂದಿನ ತಿಂಗಳಿನಿಂದ.

ತಿಂಗಳ ಲೆಕ್ಕ

ತಿಂಗಳು ತುಂಬಿದ ಮೇಲೆ ಒಂದೇ ಹಾಳೆಯಲ್ಲಿ ತಾಳೆ ಪಟ್ಟಿ ಬರೆದೆವು. ಮೀಟರ್ ತೋರಿಸಿದ್ದು 4,134 ಕಿ.ಮೀ. ಟ್ರಿಪ್ ಶೀಟ್ 3,846. ವ್ಯತ್ಯಾಸ 288. ಇದರಲ್ಲಿ ಟೈರಿನಿಂದ ಮೀಟರ್ ಹೆಚ್ಚು ತೋರಿಸಿದ್ದು 234. ರಸ್ತೆ ಕೆಲಸ, ವಿಳಾಸ ಹುಡುಕಾಟದಿಂದ ಸುತ್ತಿದ್ದು 40, ತಾರೀಕು ಸಮಯದ ಸಮೇತ. ಉಳಿದದ್ದು 14.

ಆ 14 ಯಾವುದು ಅಂತ ಕೇಳಿದೆವು. ಡ್ರೈವರಣ್ಣ ತಲೆ ಕೆರ್ಕೊಂಡು, "ಮಗಳ ಫೀಸ್ ಕಳಸಾಕ ಎಕ್ಸ್‌ಚೇಂಜಿಗೆ ಹೋಗಿದ್ದೆ, ಅದೊಂದ ಸಲ. ಅದನ್ನೂ ಬರೀರಿ ಅಣ್ಣಾರ" ಅಂದರು. ಬರೆದೆವು. ಆಮೇಲೆ ನಮಗೆ ಅನಿಸಿದ್ದು, ಆ ಹಾಳೆಗೆ ತೂಕ ಬಂದದ್ದೇ ಆ 14ರಿಂದ.

ಕಂಪನಿಯ ಲೆಕ್ಕದವರು ತಾವೇ ಬಂದು ಟೈರ್ ನೋಡಿದರು. ಮುಂದಿನ ಕಡಿತ ನಿಂತಿತು. ಹಿಂದಿನ ಮೂರು ತಿಂಗಳಲ್ಲಿ ಎರಡು ತಿಂಗಳದು ವಾಪಸು ಬಂತು, ಒಂದು ತಿಂಗಳದು "ಪುಸ್ತಕ ಮುಗಿದಿದೆ" ಅಂತ ಉಳೀತು. 14 ದಿರಹಂ ಡ್ರೈವರಣ್ಣ ತಾವೇ ಕಟ್ಟಿದರು, ರಸೀದಿ ಕೇಳಿ ತಗೊಂಡರು.

ಈ ಪುಸ್ತಕ ಯಾರದು?

ಇಲ್ಲಿಗೆ ಮುಗೀಬೇಕಿತ್ತು. ಆದರೆ ಆ ಕಂಪನಿಯವರು ಆ್ಯಪ್ ಇಷ್ಟಪಟ್ಟು, ಎಲ್ಲ ಡ್ರೈವರುಗಳ ಫೋನಿಗೂ ಹಾಕಿಕೊಡಿ, ಸಾಲುಗಳು ನೇರ ಆಫೀಸಿಗೆ ಬರೋ ಹಾಗೆ ಮಾಡಿಕೊಡಿ, ದುಡ್ಡು ಕೊಡ್ತೇವೆ ಅಂದರು. ನಾವು ಒಂದು ವಾರ ಯೋಚನೆ ಮಾಡಿದೆವು.

ಡ್ರೈವರಣ್ಣನ ಒಂದು ತಿಂಗಳ ಸಾಲುಗಳು ನಮ್ಮ ಹತ್ತಿರ ಇದ್ದವು. ಅದರಲ್ಲಿ ಅವರು ಎಷ್ಟು ಹೊತ್ತಿಗೆ ಮಲಗಿದರು, ಯಾವ ಕ್ಲಿನಿಕ್ ಮುಂದೆ ಅರ್ಧ ಗಂಟೆ ನಿಂತರು, ಎಲ್ಲ ಇತ್ತು. ನಾವು ಕೇಳದೇ ತಿಳಿದುಕೊಂಡ ವಿಷಯ ಅದು. ಯುಎಇಯಲ್ಲಿ ಇನ್ನೊಬ್ಬರ ಜಾಗದ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಹಿಂಬಾಲಿಸಿ ಇಟ್ಟುಕೊಳ್ಳುವುದು ಸೈಬರ್ ಕಾನೂನಿನ ಪ್ರಕಾರ ಅಪರಾಧ ಆಗಬಹುದು ಅನ್ನೋದು ಒಂದು ಕಡೆ. ಕಾನೂನು ಇರಲಿ ಬಿಡಲಿ, ಯಾರ ಪುಸ್ತಕ ಅವರ ಕೈಯಲ್ಲಿರಬೇಕು ಅನ್ನೋದು ಇನ್ನೊಂದು. ಕೊನೆಗೆ ಕಂಪನಿಗೆ ಇಷ್ಟೇ ಹೇಳಿದೆವು: ನೇರ ಕಳಿಸೋದು ಮಾಡಿಕೊಡೋದಿಲ್ಲ. ಬೇಕಾದ ಡ್ರೈವರ್ ತನ್ನ ಫೋನಿನಲ್ಲಿ ಹಾಕ್ಕೊಳ್ಳಲಿ, ಡ್ಯೂಟಿ ಮುಗಿದ ಮೇಲೆ ಆಫ್ ಮಾಡಲಿ, ತಿಂಗಳ ಕೊನೆಗೆ ಕಿಲೋಮೀಟರಿನ ಹಾಳೆ ಕೊಡಲಿ. ಮ್ಯಾಪ್ ಅವನ ಹತ್ತಿರವೇ ಇರಲಿ. ಅವರು ಬೇಡ ಅಂದರು. ಸರಿ ಅಂದೆವು.

ಮಾಡಿ ನೋಡುವವರಿಗೆ

ರಿಸೀವರ್ ಆನ್ ಮಾಡಿ ಬಯಲಿನಲ್ಲಿ ಒಂದೆರಡು ನಿಮಿಷ ಕಾಯಿರಿ. ಉಪಗ್ರಹ ತನ್ನ ಜಾಗದ ವಿವರ ಪೂರ್ತಿ ಹೇಳೋಕೆ ಅರ್ಧ ನಿಮಿಷ ಬೇಕು, ಎ ಅಕ್ಷರ ಬರುವ ಮೊದಲು ಹೊರಡಬೇಡಿ. ಆ್ಯಪ್ ಮುಂದೆ ತೆರೆದೇ ಇರಲಿ, ಫೋನ್ ಚಾರ್ಜಿಗೆ ಹಾಕಿರಲಿ. ಪರದೆ ಆರಿದರೆ ಆಂಡ್ರಾಯ್ಡ್ ಇಂಥ ಆ್ಯಪ್‌ಗಳನ್ನು ನಿದ್ದೆ ಮಾಡಿಸಿಬಿಡುತ್ತೆ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡಿ. ಮೂಲ ಫೈಲನ್ನು ತಿದ್ದದೆ ಹಾಗೇ ಇಡಿ, ಲೆಕ್ಕ ಮಾಡೋದು ಅದರ ನಕಲಿನ ಮೇಲೆ. ಎಲ್ಲಕ್ಕಿಂತ ಮುಖ್ಯ, ಒಂದು ದಿನ ಗಾಡಿ ನಿಲ್ಲಿಸಿಟ್ಟು ಆ್ಯಪ್ ಓಡಿಸಿ ನೋಡಿ. ಸೊನ್ನೆ ಬರದಿದ್ದರೆ ಅದನ್ನು ಹಿಡಿದು ಯಾರ ಮೇಲೂ ಮಾತಾಡಬೇಡಿ.

ಡ್ರೈವರಣ್ಣ ಈಗ ಮತ್ತೆ ಊಟಕ್ಕೆ ಬರ್ತಾರೆ. ಮೊದಲ ವಾರದ ವಿಷಯ ನಾವೇ ಹೇಳಿ ತಪ್ಪಾಯ್ತು ಅಂದೆವು. "ಅದು ಯಂತ್ರದ ಮಾತ್ರೀ, ನೀವೇನ ಮಾಡ್ತೀರಿ" ಅಂದು ಜೋಳದ ರೊಟ್ಟಿ ಮುರಿದರು. ಯಂತ್ರ ತನಗೆ ಕಂಡದ್ದನ್ನು ಹೇಳಿತ್ತು, ತಪ್ಪಾಗಿ ಕೂಡಿಸಿದವರು ನಾವು. ಹಾಗಂತ ಅವರಿಗೆ ಬಿಡಿಸಿ ಹೇಳೋದು ಇನ್ನೂ ಬಾಕಿ ಇದೆ.